ಶಾಸನಕ್ಕೊಂದು ಸಂಖ್ಯೆ, ಕಡತಕ್ಕೊಂದು ಗುರುತು

ಕರ್ನಾಟಕದ ಇತಿಹಾಸವನ್ನು ಕುರಿತ ಗ್ರಂಥಗಳ ಅಡಿಟಿಪ್ಪಣಿಗಳನ್ನು ಗಮನಿಸುವ ಅಭ್ಯಾಸವುಳ್ಳವರಿಗೆ ‘ಶ್ರೀರಂಗಪಟ್ಟಣ 147’ ಮತ್ತು ‘ಶ್ರೀರಂಗಪಟ್ಟಣ 148’ ಎಂಬ ಎರಡು ಉಲ್ಲೇಖಗಳು ಚಿರಪರಿಚಿತ. ಇವು ಕ್ರಿ.ಶ. 900ರ ಸುಮಾರಿನ ಎರಡು ಶಿಲಾಶಾಸನಗಳು. ಶ್ರವಣಬೆಳಗೊಳದ ಕಳ್ಬಪ್ಪು ಬೆಟ್ಟದ ನೆತ್ತಿಯ ಮೇಲೆ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದದ ಗುರುತುಗಳಿವೆ ಎಂದು ಹೇಳುವ ಕಾರಣ, ಮೌರ್ಯ ಚಂದ್ರಗುಪ್ತ ಬೆಳಗೊಳಕ್ಕೆ ಬಂದನೆಂಬ ಐತಿಹ್ಯವನ್ನು ಚರ್ಚಿಸುವವರು ಇವನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ಇವುಗಳಲ್ಲಿ ಒಂದು ಕ್ಯಾತನಹಳ್ಳಿಯದು, ಇನ್ನೊಂದು ರಾಂಪುರದ್ದು.

ಆದರೆ ಈ ಸಂಖ್ಯೆಯನ್ನು ನಂಬಿಕೊಂಡು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕ್ಯಾತನಹಳ್ಳಿಯನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ. ಕ್ಯಾತನಹಳ್ಳಿ ಈಗ ಪಾಂಡವಪುರ ತಾಲ್ಲೂಕಿನಲ್ಲಿದೆ. ಬಿ.ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟವನ್ನು ಹೊರತಂದಾಗ ಈ ಊರು ಶ್ರೀರಂಗಪಟ್ಟಣದ ಪಟ್ಟಿಗೆ ಸೇರಿತ್ತು. ಪಾಂಡವಪುರವೆಂಬ ಹೆಸರೂ ಆಗ ಸರ್ಕಾರದ ಕಾಗದಪತ್ರಗಳಲ್ಲಿ ಇರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಆ ಬಂಡೆಗಳ ಊರನ್ನು ಆಂಗ್ಲರು ‘ಫ್ರೆಂಚ್ ರಾಕ್ಸ್’ ಎಂದೂ, ಜನರು ಹಿರೋಡೆ ಎಂದೂ ಕರೆಯುತ್ತಿದ್ದರು. ಇಂದಿನ ಕೃಷ್ಣರಾಜಪೇಟೆ ಹಿಂದೆ ಅತ್ತಿಕುಪ್ಪೆಯಾಗಿತ್ತು. ಮಂಡ್ಯ ಜಿಲ್ಲೆಯೇ ಹುಟ್ಟಿದ್ದು 1939ರಲ್ಲಿ. ಕಲ್ಲು ಕದಲದಿದ್ದರೂ ಅದರ ವಿಳಾಸ ಬದಲಾಗಿದೆ.

ಹೀಗಿದ್ದೂ ಆ ಶಾಸನ ವಿದ್ವಾಂಸರ ಕೈತಪ್ಪಿಹೋಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳನ್ನು ಪರಿಷ್ಕರಿಸಿ ಮರಳಿ ಪ್ರಕಟಿಸಿದಾಗ, ಕೃಷ್ಣರಾಜಪೇಟೆ, ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು 1977ರ ಆರನೆಯ ಸಂಪುಟದಲ್ಲಿಯೂ, ನಾಗಮಂಗಲದ ಶಾಸನಗಳು 1979ರ ಏಳನೆಯ ಸಂಪುಟದಲ್ಲಿಯೂ ಬಂದವು. ಹೊಸ ಸಂಖ್ಯೆಯ ಪಕ್ಕದಲ್ಲಿ ರೈಸ್ ಕೊಟ್ಟಿದ್ದ ಹಳೆಯ ಸಂಖ್ಯೆಯನ್ನೂ ಉಳಿಸಿಕೊಳ್ಳಲಾಯಿತು. ನೂರು ವರ್ಷಗಳ ಹಿಂದಿನ ಅಡಿಟಿಪ್ಪಣಿಯೊಂದನ್ನು ಹಿಡಿದು ಇಂದಿನ ಊರಿಗೆ ತಲುಪಲು ಸಾಧ್ಯವಾಗಿರುವುದು ಈ ಸಣ್ಣ ಎಚ್ಚರಿಕೆಯಿಂದ. ವಸ್ತುವನ್ನು ಉಳಿಸುವುದು ಒಂದು ಕೆಲಸ. ಅದು ಯಾವುದು ಎಂದು ಹೇಳುವ ಪಟ್ಟಿಯನ್ನು ಉಳಿಸುವುದು ಇನ್ನೊಂದು ಕೆಲಸ. ಎರಡನೆಯದು ತಪ್ಪಿದರೆ ಮೊದಲನೆಯದರ ಪ್ರಯೋಜನ ಬಹಳ ಕಡಿಮೆ.

ಗಣಕಯಂತ್ರದ ಯುಗದಲ್ಲಿ ಈ ಮಾತು ಹೊಸ ರೂಪದಲ್ಲಿ ಎದುರಾಗಿದೆ. ಇಂದು ಬರೆಯುವ ಪತ್ರ, ಪಹಣಿ, ಪುಸ್ತಕ, ಛಾಯಾಚಿತ್ರ ಎಲ್ಲವೂ ಕಂಪ್ಯೂಟರಿನ ಕಡತಗಳು. ಕಡತ ಸಿಕ್ಕಿದೆ, ಆದರೆ ಅದು ಏನೆಂದು ತಿಳಿಯದು ಎಂಬ ಸ್ಥಿತಿ ಬಂದರೆ ಏನು ಮಾಡಬೇಕು? ಜಗತ್ತಿನ ಕೆಲವೇ ಮಂದಿ ಐದು ದಶಕಗಳಿಂದ ಇದಕ್ಕಾಗಿ ಪಟ್ಟಿಗಳನ್ನು ಕಟ್ಟುತ್ತ, ತಿದ್ದುತ್ತ ಬಂದಿದ್ದಾರೆ. ಆ ಪಟ್ಟಿಗಳ ಕಥೆ ಹೆಚ್ಚು ಜನರಿಗೆ ತಿಳಿದಿಲ್ಲ.

ಮುದ್ರೆಕಲ್ಲಿನ ನ್ಯಾಯ

ಗುರುತು ಹಿಡಿಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹೊಲದ ಬದುವಿನಲ್ಲಿ ನಿಂತ ಕಲ್ಲಿನ ಮೇಲೆ ಲಿಂಗವಿದ್ದರೆ ಅದು ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆ. ಕೊಡೆ ಹಿಡಿದ ವಾಮನನಿದ್ದರೆ ಬ್ರಾಹ್ಮಣರಿಗೋ ವಿಷ್ಣು ದೇವಾಲಯಕ್ಕೋ ಕೊಟ್ಟ ಭೂಮಿ. ಮೂರು ಕೊಡೆಗಳಿದ್ದರೆ ಬಸದಿಯದು. ಓದು ಬಾರದ ರೈತನೂ ಈ ಮುದ್ರೆಕಲ್ಲುಗಳನ್ನು ನೋಡಿದೊಡನೆ ವಿಷಯವೇನೆಂದು ಹೇಳಬಲ್ಲವನಾಗಿದ್ದ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಇದ್ದರೆ ವೀರಗಲ್ಲು. ಬಳೆ ತೊಟ್ಟ ಕೈಯೊಂದು ಮೇಲೆದ್ದಿದ್ದರೆ ಮಾಸ್ತಿಕಲ್ಲು. ಬರಹವುಳ್ಳ ಶಾಸನವಾದರೆ ಮೊದಲ ಸಾಲೇ ಸುಳಿವು: ಶಿವಸ್ತುತಿಯ ಶ್ಲೋಕದಿಂದ ಮೊದಲಾದರೆ ಶೈವ, ಜಿನಶಾಸನದ ಹೊಗಳಿಕೆಯಿಂದ ಮೊದಲಾದರೆ ಜೈನ. ಪೂರ್ಣವಾಗಿ ಓದುವ ಮೊದಲೇ ಬಗೆ ಗೊತ್ತಾಗುತ್ತದೆ.

ಕಂಪ್ಯೂಟರಿನ ಕಡತಕ್ಕೂ ಇಂಥ ಮುದ್ರೆ ಉಂಟು. ಯಂತ್ರದ ದೃಷ್ಟಿಯಲ್ಲಿ ಕಡತವೆಂದರೆ ಸಾಲಾಗಿ ಜೋಡಿಸಿದ ಅಂಕಿಗಳು, ಅಷ್ಟೆ. ‘ಬೈಟ್’ ಎಂದು ಕರೆಯುವ ಪ್ರತಿ ಅಂಕಿಯ ಬೆಲೆ 0ಯಿಂದ 255ರವರೆಗೆ ಇರಬಹುದು. ಅದೇ ಅಂಕಿ ಚಿತ್ರದಲ್ಲಿ ಬಣ್ಣವಾಗಿ, ಹಾಡಿನಲ್ಲಿ ದನಿಯಾಗಿ, ಪತ್ರದಲ್ಲಿ ಅಕ್ಷರವಾಗಿ ಅರ್ಥ ಪಡೆಯುತ್ತದೆ. ಯಾವ ಅರ್ಥದಲ್ಲಿ ಓದಬೇಕೆಂಬುದನ್ನು ಸೂಚಿಸಲು ಅನೇಕ ಬಗೆಯ ಕಡತಗಳ ಆರಂಭದಲ್ಲಿ ನಿಶ್ಚಿತವಾದ ಕೆಲವು ಅಂಕಿಗಳನ್ನು ಇಡುವ ರೂಢಿಯಿದೆ. ಕಂಪ್ಯೂಟರ್ ತಜ್ಞರು ಇದನ್ನು ‘ಮ್ಯಾಜಿಕ್ ನಂಬರ್’ ಎಂದು ತಮಾಷೆಯಾಗಿ ಕರೆದರು. ಆ ಹೆಸರೇ ನಿಂತಿತು.

ಅಡೋಬಿ ಸಂಸ್ಥೆ 1993ರಲ್ಲಿ ಬಳಕೆಗೆ ತಂದ ಪಿ.ಡಿ.ಎಫ್. ಕಡತ 37, 80, 68, 70 ಎಂಬ ಅಂಕಿಗಳಿಂದ ಮೊದಲಾಗುತ್ತದೆ. ಅಕ್ಷರಗಳಾಗಿ ಓದಿದರೆ ಶೇಕಡಾ ಚಿಹ್ನೆ, ಆಮೇಲೆ ಪಿ, ಡಿ, ಎಫ್. 1987ರ ಜಿ.ಐ.ಎಫ್. ಚಿತ್ರದ ಮೊದಲ ಅಂಕಿಗಳು 71, 73, 70, 56. ಹಲವು ಕಡತಗಳನ್ನು ಮಡಿಸಿ ಒಂದು ಗಂಟಾಗಿ ಕಟ್ಟುವ ‘ಜಿಪ್’ ಕಡತದ ಮೊದಲಲ್ಲಿ 80, 75 ಇರುತ್ತವೆ. ಅವು ಪಿ ಮತ್ತು ಕೆ. ಅದನ್ನು ರೂಪಿಸಿದ ಅಮೆರಿಕದ ಫಿಲ್ ಕಾಟ್ಜ್‌ನ ಹೆಸರಿನ ಮೊದಲಕ್ಷರಗಳು. ಆತ 2000ದಲ್ಲಿ ತೀರಿಕೊಂಡ. ಆದರೆ 2007ರಿಂದ ಈಚಿನ ವರ್ಡ್ ಪತ್ರಗಳು ಒಳಗೆ ಜಿಪ್ ಗಂಟುಗಳೇ ಆಗಿರುವುದರಿಂದ, ಇಂದಿಗೂ ಯಾವುದೋ ಕಚೇರಿಯಲ್ಲಿ ಪತ್ರವೊಂದು ಸಿದ್ಧವಾದಾಗಲೆಲ್ಲ ಆ ಎರಡು ಅಕ್ಷರಗಳು ತಾವಾಗಿ ಬಂದು ಕೂರುತ್ತವೆ.

ಹೊರಗಿನ ಹೆಸರು, ಒಳಗಿನ ಲಕ್ಷಣ

ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಬರೆಯುವ ಮೂರು ನಾಲ್ಕು ಅಕ್ಷರಗಳ ಬಾಲ ಇದ್ದೇ ಇದೆಯಲ್ಲ, ಅದರಿಂದಲೇ ಬಗೆ ತಿಳಿಯದೆ ಎಂದು ಓದುಗರು ಕೇಳಬಹುದು. ತಿಳಿಯುತ್ತದೆ, ಬಾಲ ನಿಜ ಹೇಳುವ ತನಕ. ಆ ಬಾಲ ಹೆಸರಿನ ಭಾಗ. ಯಾರು ಬೇಕಾದರೂ ಬದಲಿಸಬಹುದು. ‘ಡಾಕ್’ ಎಂಬ ಒಂದೇ ಬಾಲವನ್ನು ವರ್ಡ್ ತಂತ್ರಾಂಶವೂ ಬಳಸಿದೆ, ಅದಕ್ಕಿಂತ ಹಿಂದಿನ ಬೇರೆ ಬರವಣಿಗೆಯ ತಂತ್ರಾಂಶಗಳ ಬಳಕೆದಾರರೂ ಬಳಸಿದ್ದಾರೆ. ಬಾಲ ಒಂದೇ ಆದರೂ ಒಳಗಿನ ವಿನ್ಯಾಸ ಪೂರ್ತಿ ಬೇರೆ.

ಹೊರಗಿನ ಹೆಸರನ್ನೇ ನಂಬಿದರೆ ಆಗುವ ಅನಾಹುತಕ್ಕೆ 2000ದ ಮೇ ತಿಂಗಳು ಸಾಕ್ಷಿ. ಆಗ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ‘ಐ ಲವ್ ಯು’ ಎಂಬ ಶೀರ್ಷಿಕೆಯ ಮಿಂಚಂಚೆ ಬಂತು. ಜೊತೆಗಿದ್ದ ಕಡತದ ಹೆಸರು ಸಾದಾ ಪಠ್ಯದ ಬಾಲವನ್ನು ತೋರಿಸುತ್ತಿತ್ತು. ಅದರ ಹಿಂದೆ ಇನ್ನೊಂದು ಬಾಲವಿತ್ತು. ವಿಂಡೋಸ್ ಅದನ್ನು ಮರೆಮಾಡಿತ್ತು. ಪ್ರೇಮಪತ್ರವೆಂದು ತೆರೆದವರ ಯಂತ್ರದಲ್ಲಿ ಅದು ಕಾರ್ಯಕ್ರಮವಾಗಿ ಓಡಿತು, ಕಡತಗಳನ್ನು ಹಾಳುಮಾಡಿತು, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಂಡಿತು.

ಶಾಸನತಜ್ಞರಿಗೆ ಈ ಪಾಠ ಮೊದಲೇ ಗೊತ್ತಿತ್ತು. ಮಡಿಕೇರಿಯ ಪ್ರಸಿದ್ಧ ತಾಮ್ರಪಟವನ್ನೇ ನೋಡಬಹುದು. ಅದರಲ್ಲಿರುವ ಕಾಲನಿರ್ದೇಶವನ್ನು ಒಪ್ಪಿದರೆ ಅದು ಕ್ರಿ.ಶ. 466ರದಾಗಬೇಕು. ಆದರೆ ಜೆ.ಎಫ್. ಫ್ಲೀಟ್ ಮೊದಲಾದವರು ಅದರ ಅಕ್ಷರಗಳ ರೂಪವನ್ನು ಪರೀಕ್ಷಿಸಿ, ಇದು ಬಹಳ ಕಾಲದ ಮೇಲೆ ಸಿದ್ಧವಾದದ್ದು ಎಂದು ವಾದಿಸಿದರು. ಪಟ ತಾನು ಹೇಳಿಕೊಳ್ಳುವುದು ಒಂದು. ಅದರ ಲಿಪಿ ಹೇಳುವುದು ಇನ್ನೊಂದು. ಯಾವ ಶತಮಾನದಲ್ಲಿ ‘ಕ’ ಹೇಗಿತ್ತು, ‘ರ’ ಹೇಗಿತ್ತು ಎಂಬ ಹೋಲಿಕೆಯ ಪಟ್ಟಿ ಕೈಯಲ್ಲಿದ್ದುದರಿಂದಲೇ ಈ ಪರೀಕ್ಷೆ ಸಾಧ್ಯವಾಯಿತು. ಕಡತದ ಪರೀಕ್ಷೆಯೂ ಹೀಗೆಯೇ: ಹೆಸರನ್ನು ಬದಿಗಿಟ್ಟು ಒಳಗಿನ ಅಂಕಿಗಳನ್ನು ನೋಡುವುದು, ಪಟ್ಟಿಯೊಡನೆ ಹೋಲಿಸುವುದು.

ಪಟ್ಟಿ ಹೊರಗೆ ಬಂದದ್ದು

ಇಂಥ ಹೋಲಿಕೆಯನ್ನು ಯಂತ್ರದಿಂದಲೇ ಮಾಡಿಸುವ ಪ್ರಯತ್ನ ಯುನಿಕ್ಸ್ ವ್ಯವಸ್ಥೆಯಷ್ಟೇ ಹಳೆಯದೆನ್ನಬಹುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್‌ನ ನಾಲ್ಕನೆಯ ಆವೃತ್ತಿಯಲ್ಲಿ, 1973ರ ನವೆಂಬರ್ ವೇಳೆಗೆ, ‘ಫೈಲ್’ ಎಂಬ ಹೆಸರಿನ ಪುಟ್ಟ ಆಜ್ಞೆ ಇತ್ತು. ಕಡತವೊಂದನ್ನು ಅದರ ಮುಂದಿಟ್ಟರೆ ಇದು ಇಂಥದು ಎಂದು ಒಂದು ಸಾಲಿನ ಉತ್ತರ ಕೊಡುತ್ತಿತ್ತು. ಆದರೆ ಅದಕ್ಕೆ ಗೊತ್ತಿದ್ದ ಲಕ್ಷಣಗಳೆಲ್ಲ ಕಾರ್ಯಕ್ರಮದ ಒಡಲಿನಲ್ಲಿಯೇ ಹುದುಗಿದ್ದವು. ಹೊಸ ಬಗೆಯ ಕಡತ ಬಂದರೆ ಕಾರ್ಯಕ್ರಮವನ್ನೇ ಹೊಸದಾಗಿ ಬರೆಯಬೇಕಿತ್ತು.

ಮುಂದೆ ‘ಸಿಸ್ಟಮ್ ಫೈವ್’ ಎಂಬ ಆವೃತ್ತಿಯಲ್ಲಿ ಒಂದು ಸರಳ ಬದಲಾವಣೆ ಆಯಿತು. ಲಕ್ಷಣಗಳ ಪಟ್ಟಿಯನ್ನು ಕಾರ್ಯಕ್ರಮದಿಂದ ಹೊರಗೆ ತೆಗೆದು ಬೇರೆಯೇ ಪಠ್ಯವಾಗಿ ಇಡಲಾಯಿತು. ಇದರಿಂದ ಕೆಲಸ ತುಸು ನಿಧಾನವಾಯಿತಾದರೂ ಒಂದು ದೊಡ್ಡ ಅನುಕೂಲ ಒದಗಿತು. ಕಾರ್ಯಕ್ರಮ ಬರೆಯಲು ಬಾರದವರೂ ಪಟ್ಟಿಗೆ ಒಂದು ಸಾಲು ಸೇರಿಸಬಹುದಾಯಿತು. ಪಟ್ಟಿ ಸಾರ್ವಜನಿಕ ಆಸ್ತಿಯಾಗಲು ದಾರಿ ತೆರೆದದ್ದು ಈ ಹೆಜ್ಜೆಯೇ. ಕೆನಡಾದ ಇಯಾನ್ ಡಾರ್ವಿನ್ 1986ರ ಸುಮಾರಿಗೆ ಈ ಕಾರ್ಯಕ್ರಮವನ್ನು ಸ್ವತಂತ್ರವಾಗಿ ಮತ್ತೆ ಬರೆದು ಎಲ್ಲರಿಗೂ ಮುಕ್ತವಾಗಿ ಹಂಚಿದರು. 1990ರ ದಶಕದಿಂದ ಅದನ್ನು ಕ್ರಿಸ್ಟೋಸ್ ಜೂಲಾಸ್ ಎಂಬವರು ನೋಡಿಕೊಳ್ಳುತ್ತ ಬಂದಿದ್ದಾರೆ. ಲಿನಕ್ಸ್ ಬಳಸುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಕಾರ್ಯಕ್ರಮವೇ.

ಪಟ್ಟಿಯ ಒಂದೊಂದು ನಮೂದಿನಲ್ಲಿಯೂ ಮುಖ್ಯವಾಗಿ ಮೂರು ಸಂಗತಿಗಳು: ಕಡತದ ಎಷ್ಟನೆಯ ಸ್ಥಾನದಲ್ಲಿ ನೋಡಬೇಕು, ಅಲ್ಲಿ ಏನಿರಬೇಕು, ಇದ್ದರೆ ಅದನ್ನು ಏನೆಂದು ಕರೆಯಬೇಕು. ಎಲ್ಲ ಗುರುತುಗಳೂ ಮೊದಲಲ್ಲೇ ಇರುತ್ತವೆಂದಲ್ಲ. ‘ಟಾರ್’ ಎಂಬ ಹಳೆಯ ಸಂಗ್ರಹ ಕಡತದ ಗುರುತು 257ನೆಯ ಬೈಟ್ ಆದಮೇಲೆ ಬರುತ್ತದೆ. ಶಾಸನದ ರಾಜನ ಹೆಸರು ಪ್ರಶಸ್ತಿಯನ್ನೆಲ್ಲ ದಾಟಿದ ಮೇಲೆ ಬರುವಂತೆ ಇದೂ ಒಂದು ಬಗೆ.

ಕಾಯುವವರ ಕಷ್ಟ

ಪಟ್ಟಿ ಮಾಡುವುದಕ್ಕಿಂತ ಅದನ್ನು ಕಾಪಾಡಿಕೊಂಡು ಬರುವುದು ಕಷ್ಟ. ಎರಡೇ ಬೈಟ್‌ಗಳ ಗುರುತು ಬೇರೆ ಕಡತಗಳಲ್ಲೂ ಆಕಸ್ಮಿಕವಾಗಿ ಕಾಣಿಸಿಕೊಳ್ಳಬಹುದು. ಆಗ ಚಿತ್ರವನ್ನು ಹಾಡೆಂದು ಹೇಳಿದಂತಾಗುತ್ತದೆ. ಆದ್ದರಿಂದ ಖಚಿತವಾದ ಉದ್ದದ ಗುರುತುಗಳನ್ನು ಮೊದಲು, ದುರ್ಬಲವಾದವನ್ನು ಕೊನೆಯಲ್ಲಿ ಪರೀಕ್ಷಿಸಬೇಕು. ಹೊಸ ನಮೂದು ಬಂದರೆ ಅದು ತನ್ನ ಬಗೆಯ ಕಡತಗಳನ್ನು ಹಿಡಿಯುತ್ತದೆಯೇ ಎಂದು ನೋಡಿದರೆ ಸಾಲದು. ಬೇರೆ ಬಗೆಯವನ್ನು ತಪ್ಪಾಗಿ ಹಿಡಿಯುವುದಿಲ್ಲವೇ ಎಂದೂ ನೋಡಬೇಕು. ಹಳೆಯ ವರ್ಡ್ ಪತ್ರ, ಎಕ್ಸೆಲ್ ಲೆಕ್ಕಪತ್ರ ಮತ್ತು ಪವರ್‌ಪಾಯಿಂಟ್ ಮೂರೂ 208, 207, 17, 224 ಎಂಬ ಒಂದೇ ಅಂಕಿಗಳಿಂದ ಮೊದಲಾಗುತ್ತವೆ. ಹೊರಬಾಗಿಲು ಒಂದೇ ಆಗಿರುವ ವಠಾರದಂತೆ, ಒಳಗೆ ಹೋಗಿ ಮನೆ ಯಾರದೆಂದು ವಿಚಾರಿಸಬೇಕು. ಸಾದಾ ಪಠ್ಯದ ಕಡತಕ್ಕಂತೂ ಸಾಮಾನ್ಯವಾಗಿ ಯಾವ ಮುದ್ರೆಯೂ ಇರುವುದಿಲ್ಲ; ಅಲ್ಲಿ ಊಹೆಯೇ ಗತಿ.

ಇಟಲಿಯ ಮಾರ್ಕೊ ಪೊಂಟೆಲ್ಲೊ 2003ರಲ್ಲಿ ಹೊರತಂದ ‘ಟ್ರಿಡ್’ ಬೇರೊಂದು ದಾರಿ ಹಿಡಿಯಿತು. ಒಂದೇ ಬಗೆಯ ಹಲವಾರು ಕಡತಗಳನ್ನು ಅದರ ಸೋದರ ಕಾರ್ಯಕ್ರಮಕ್ಕೆ ಕೊಟ್ಟರೆ, ಎಲ್ಲದರಲ್ಲಿಯೂ ಸಮಾನವಾಗಿರುವ ಅಂಶಗಳನ್ನು ಅದೇ ಹುಡುಕಿ ಲಕ್ಷಣ ಕಟ್ಟುತ್ತದೆ. ಹೀಗೆ ಕಟ್ಟಿದ ಲಕ್ಷಣಗಳನ್ನು ಬಳಕೆದಾರರು ಕಳುಹಿಸಿಕೊಡುತ್ತಾರೆ. ಕಾಲ ಖಚಿತವಾಗಿ ತಿಳಿದಿರುವ ಹತ್ತಾರು ಶಾಸನಗಳ ಅಕ್ಷರಗಳನ್ನು ಒಟ್ಟಿಗೆ ಇಟ್ಟು ಲಿಪಿಯ ಲಕ್ಷಣವನ್ನು ನಿರ್ಣಯಿಸುವ ವಿಧಾನಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ.

ಇಂಟರ್‌ನೆಟ್ಟಿನ ಅಗತ್ಯ ಇನ್ನೊಂದು ಪಟ್ಟಿಯನ್ನು ಹುಟ್ಟಿಸಿತು. ಮಿಂಚಂಚೆಯ ಜೊತೆಗೆ ಚಿತ್ರ, ಧ್ವನಿಗಳನ್ನು ಕಳುಹಿಸುವಾಗ ಅದರ ಬಗೆಯನ್ನು ಮೊದಲೇ ಹೇಳಿಬಿಡಬೇಕೆಂಬ ನಿಯಮವನ್ನು ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ರೂಪಿಸಿದರು. ಆ ಹೆಸರುಗಳನ್ನು ನೋಂದಾಯಿಸುವ ಹೊಣೆ ಇಂಟರ್‌ನೆಟ್ ಸಂಖ್ಯೆಗಳನ್ನು ಹಂಚುವ ‘ಅಯಾನಾ’ ಸಂಸ್ಥೆಯದಾಯಿತು. ಅದನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡವರು ಜಾನ್ ಪೋಸ್ಟೆಲ್. 1998ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಕೆಲಸ ಅವರ ಕೈಯಲ್ಲಿತ್ತು.

ಒಂಬೈನೂರು ವರ್ಷ ಮತ್ತು ಹದಿನೈದು ವರ್ಷ

ಈ ಪಟ್ಟಿಗಳ ಮಹತ್ವವನ್ನು ಸರ್ಕಾರಗಳು ಮನಗಾಣಲು ಒಂದು ಕಹಿ ಪ್ರಸಂಗವೂ ಕಾರಣ. ಇಂಗ್ಲೆಂಡಿನ ವಿಲಿಯಂ ದೊರೆ 1086ರಲ್ಲಿ ತನ್ನ ರಾಜ್ಯದ ಭೂಮಿ, ಒಡೆತನ, ಕಂದಾಯಗಳನ್ನೆಲ್ಲ ಬರೆಸಿದ ‘ಡೂಮ್ಸ್‌ಡೇ’ ಗ್ರಂಥ ಪ್ರಸಿದ್ಧವಾದದ್ದು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಹೊಸ ಡೂಮ್ಸ್‌ಡೇ ಒಂದನ್ನು ಸಿದ್ಧಪಡಿಸಿತು. ಶಾಲಾಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರುಗಳ ವಿವರ, ಚಿತ್ರ, ನಕ್ಷೆಗಳನ್ನು ಕೊಟ್ಟರು. ಎಲ್ಲವನ್ನೂ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾದವು. ಚರ್ಮದ ಹಾಳೆಯ ಮೇಲೆ ಬರೆದ ಹಳೆಯ ಗ್ರಂಥ ಮಾತ್ರ ಓದಲು ಸಿಕ್ಕುತ್ತಿತ್ತು! ಕೊನೆಗೆ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು 2002ರಲ್ಲಿ, ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ಮೂಲಕ ಆ ಸಾಮಗ್ರಿಯನ್ನು ಮತ್ತೆ ತೆರೆದು ತೋರಿಸಿದರು.

ಅದೇ ಸುಮಾರಿಗೆ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ‘ಪ್ರೊನೊಮ್’ ಎಂಬ ಕಡತ ಬಗೆಗಳ ನೋಂದಣಿಯನ್ನು ರೂಪಿಸಿತು. 2004ರಿಂದ ಅದು ಎಲ್ಲರಿಗೂ ತೆರೆದಿದೆ. ಅದರ ನೆರವಿನಿಂದ ಕಡತಗಳನ್ನು ರಾಶಿರಾಶಿಯಾಗಿ ಗುರುತಿಸುವ ‘ಡ್ರಾಯಿಡ್’ ಎಂಬ ಉಪಕರಣವೂ ಬಂತು. ಇದರಲ್ಲಿ ಒಂದೊಂದು ಬಗೆಗೂ, ಒಂದೇ ಬಗೆಯ ಒಂದೊಂದು ಆವೃತ್ತಿಗೂ ಶಾಶ್ವತವಾದ ಸಂಖ್ಯೆ ಉಂಟು. ಪಿ.ಡಿ.ಎಫ್.ನ 1.4ನೆಯ ಆವೃತ್ತಿ 18. 1997ರಿಂದ 2003ರವರೆಗಿನ ವರ್ಡ್ ಪತ್ರ 40. ಕಂಪನಿ ಮುಚ್ಚಲಿ, ತಂತ್ರಾಂಶ ಮೂಲೆಗುಂಪಾಗಲಿ, ಸಂಖ್ಯೆ ಬದಲಾಗದು. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಗಂಗರ ಶ್ರೀಪುರುಷನ ಕ್ರಿ.ಶ. 776ರ ತಾಮ್ರಪಟವನ್ನು ವಿದ್ವಾಂಸರು ಇಂದಿಗೂ ರೈಸ್ ಅವರ ‘ನಾಗಮಂಗಲ 85’ ಎಂದು ಗುರುತಿಸುವುದು ಇದೇ ತತ್ತ್ವದ ಮೇಲೆ.

ಆದರೆ ಪಟ್ಟಿಗಳಿಗೂ ಸಾವು ತಪ್ಪಿದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುಂದಾಳುತನದಲ್ಲಿ ಜಾಗತಿಕ ನೋಂದಣಿಯೊಂದನ್ನು ಕಟ್ಟುವ ಪ್ರಯತ್ನ ನಡೆಯಿತು. ಅದನ್ನೂ ಪ್ರೊನೊಮ್‌ನ ಮಾಹಿತಿಯನ್ನೂ ಒಂದುಗೂಡಿಸುವ ಉದ್ದೇಶದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ 2012ರಲ್ಲಿ ಇನ್ನೊಂದು ನೋಂದಣಿಯನ್ನು ಬಳಕೆಗೆ ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಅವುಗಳ ಉದ್ದೇಶ ದೊಡ್ಡದಾಗಿತ್ತು. ಆದರೆ ಕಟ್ಟಲು ಒಮ್ಮೆ ದೊರೆಯುವ ಹಣ ನಿತ್ಯವೂ ನೋಡಿಕೊಳ್ಳಲು ದೊರೆಯುವುದಿಲ್ಲ. ಬಹುಕಾಲ ಉಳಿದುಬಂದಿರುವವು ಎರಡೇ ಬಗೆ: ಪತ್ರಾಗಾರದಂಥ ಸ್ಥಿರ ಸಂಸ್ಥೆ ಹೊತ್ತುಕೊಂಡವು, ಹಠ ಬಿಡದ ಒಬ್ಬಿಬ್ಬರು ಹೊತ್ತುಕೊಂಡವು.

ಕನ್ನಡದ ಕಡತಗಳ ಗತಿ

ಈಗ ಮಂಡ್ಯದ ಸೀಮೆಗೆ ಮರಳಬಹುದು. 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯಡಿ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಒಂದು ಕಾಲಕ್ಕೆ ಕಲ್ಲಿನ ಮೇಲೆ ಕೊರೆಸುತ್ತಿದ್ದ ಗದ್ದೆ, ಬೆದ್ದಲು, ಎಲ್ಲೆಗಳ ವಿವರ ಹೀಗೆ ಅಂಕಿಗಳ ರೂಪ ತಾಳಿತು. ಇದು ಸರ್ಕಾರದ ದೊಡ್ಡ ವ್ಯವಸ್ಥೆ, ಅದನ್ನು ನೋಡಿಕೊಳ್ಳುವವರಿದ್ದಾರೆ. ಚಿಂತೆಗೆ ಕಾರಣವಾಗುವುದು ಇದರಾಚೆಗಿನ ಚಿಕ್ಕ ಬರಹಗಳು. 1990ರ ದಶಕದಿಂದ ತಾಲ್ಲೂಕು ಕೇಂದ್ರಗಳಲ್ಲೂ ತಲೆಯೆತ್ತಿದ ಡಿ.ಟಿ.ಪಿ. ಅಂಗಡಿಗಳಲ್ಲಿ ಸಂಘ ಸಂಸ್ಥೆಗಳ ವರದಿ, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಊರಿನ ಸ್ಥಳಪುರಾಣ ಎಲ್ಲವೂ ಕಂಪ್ಯೂಟರಿನಲ್ಲಿ ಸಿದ್ಧವಾಗತೊಡಗಿದವು.

ಆದರೆ ಆಗಿನ ಕನ್ನಡಕ್ಕೆ ಒಂದೇ ಸಂಕೇತವಿರಲಿಲ್ಲ. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಮತ್ತು ಪ್ರಕಾಶಕ್, ಸಿ-ಡ್ಯಾಕ್‌ನ ಲಿಪಿಗಳು, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಆಮೇಲೆ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಹೀಗೆ ಹಲವು. ಇಂಗ್ಲಿಷಿಗೆಂದು ಮಾಡಿದ 256 ಮನೆಗಳೊಳಗೆ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಹಿಡಿಸಲು ಆಗುವುದಿಲ್ಲ. ಆದಕಾರಣ ಅಕ್ಷರಗಳನ್ನು ತುಂಡು ಮಾಡಿ ಒಂದೊಂದು ತುಂಡನ್ನು ಒಂದೊಂದು ಮನೆಯಲ್ಲಿ ಕೂರಿಸಿದರು. ಯಾವ ತುಂಡು ಯಾವ ಮನೆಯಲ್ಲಿ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನುಡಿಯಲ್ಲಿ ‘ಕ’ ಎಂದು ಬರೆದರೆ ಕಡತದಲ್ಲಿ ಉಳಿಯುವುದು ರೋಮನ್ ಲಿಪಿಯ ‘ಪಿ’ ಮತ್ತು ತಲೆಯ ಮೇಲೆ ಗೆರೆ ಹೊತ್ತ ‘ಎ’. ಮೊದಲನೆಯದು ಕಕಾರದ ಒಡಲು, ಎರಡನೆಯದು ಅದರ ತಲೆಕಟ್ಟು. ‘ನ’ಕಾರದ ಒಡಲಿಗೆ ಬ್ರಿಟಿಷ್ ಪೌಂಡಿನ ಚಿಹ್ನೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಂಬ ಪದವೇ ಪೌಂಡು, ಗೆರೆ, ಬಾಲಗಳ ಸಂತೆಯಾಗಿ ಕಾಣುತ್ತದೆ. ಇಂಥ ಪುಟವನ್ನು ಒಮ್ಮೆಯಾದರೂ ಕಾಣದ ಕನ್ನಡಿಗ ಕಂಪ್ಯೂಟರ್ ಬಳಕೆದಾರ ಅಪರೂಪ.

ಯುನಿಕೋಡ್ ಈ ತೊಡಕನ್ನು ಮುಂದಿನ ಬರಹಗಳ ಮಟ್ಟಿಗೆ ಬಗೆಹರಿಸಿತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತವು. ಅದರಲ್ಲಿ ‘ಕ’ ಎಂದರೆ 3221. ಯಾವ ಫಾಂಟಿನಲ್ಲಿಯೂ, ಯಾವ ದೇಶದಲ್ಲಿಯೂ ಅದೇ. ಆದರೆ ಹಳೆಯ ಕಡತಗಳು ತಾವಾಗಿ ಯುನಿಕೋಡ್ ಆಗುವುದಿಲ್ಲ. ಅವನ್ನು ಪರಿವರ್ತಿಸಲು ತಂತ್ರಾಂಶಗಳಿವೆ, ನಿಜ. ಅವಕ್ಕೆ ಮೊದಲು ಹೇಳಬೇಕಾದ ಮಾತೊಂದಿದೆ: ಇದು ಯಾವ ಸಂಕೇತದ್ದು?

ಜಾಗತಿಕ ಪಟ್ಟಿಗಳ ಮಿತಿ ಇಲ್ಲಿ ಎದ್ದು ಕಾಣುತ್ತದೆ. ಅಂಥ ಒಂದು ಕಡತವನ್ನು ‘ಫೈಲ್’ ಆಜ್ಞೆಯ ಮುಂದಿಟ್ಟರೆ ಇದು ವರ್ಡ್ ಪತ್ರ ಎನ್ನುತ್ತದೆ. ಉತ್ತರ ಸರಿಯೇ. ಆದರೆ ಅದು ಹೇಳಿದ್ದು ಪೆಟ್ಟಿಗೆಯ ಬಗೆ. ಒಳಗಿರುವ ಬರಹ ಶ್ರೀಲಿಪಿಯದೋ ನುಡಿಯದೋ ಎಂಬುದನ್ನು ಮೊದಲ ನಾಲ್ಕು ಅಂಕಿಗಳು ಹೇಳಲಾರವು. ವರ್ಡ್ ಪತ್ರದಲ್ಲಾದರೆ ಫಾಂಟಿನ ಹೆಸರು ಒಳಗೆ ಉಳಿದಿರುತ್ತದೆ, ಅದೇ ಸುಳಿವು. ಸಾದಾ ಪಠ್ಯದಲ್ಲಿ ಅದೂ ಇರುವುದಿಲ್ಲ. ಆಗ ಉಳಿಯುವುದು ಲಿಪಿತಜ್ಞನ ದಾರಿ. ಕನ್ನಡದಲ್ಲಿ ಹೆಚ್ಚಾಗಿ ಬರುವ ಅಕ್ಷರಗಳು, ತಲೆಕಟ್ಟು, ಒತ್ತುಗಳು ಯಾವ ಅಂಕಿಗಳಾಗಿ ಬಂದಿವೆ ಎಂದು ಎಣಿಸಿ, ಗೊತ್ತಿರುವ ಸಂಕೇತಗಳೊಡನೆ ಹೋಲಿಸುವುದು. ಇದಕ್ಕೆ ಬೇಕಾದದ್ದು ಎಲ್ಲ ಹಳೆಯ ಕನ್ನಡ ಫಾಂಟುಗಳ ಸಂಕೇತಕೋಷ್ಟಕ, ಒಂದೊಂದಕ್ಕೂ ಮಾದರಿ ಕಡತ, ಮತ್ತು ಎಲ್ಲರಿಗೂ ತೆರೆದಿರುವ ಒಂದು ಪಟ್ಟಿ. ಬ್ರಿಟನ್ನಿನ ಪತ್ರಾಗಾರವಾಗಲಿ ಇಟಲಿಯ ತಜ್ಞನಾಗಲಿ ಅದನ್ನು ಕನ್ನಡಿಗರಿಗಾಗಿ ಮಾಡಿಕೊಡಲಾರರು. ಮಾದರಿಗಳಿರುವುದು ಇಲ್ಲಿನ ಮುದ್ರಣಾಲಯಗಳ ಹಳೆಯ ಯಂತ್ರಗಳಲ್ಲಿ, ಲೇಖಕರ ಮನೆಯ ಸಿ.ಡಿ.ಗಳಲ್ಲಿ.

ರೈಸ್ ಬಿಟ್ಟುಹೋದ ಪಾಠ

ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ 1886ರಿಂದ ಸುಮಾರು ಎರಡು ದಶಕಗಳಲ್ಲಿ 12 ಸಂಪುಟಗಳನ್ನು ಹೊರತಂದು ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಅದು ಒಬ್ಬರಿಂದ ಮುಗಿಯುವ ಕೆಲಸವಾಗಿರಲಿಲ್ಲ. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಕೊಟ್ಟದ್ದು 144 ಶಾಸನ, 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಆಮೇಲೆ ಎಂ.ಎಚ್. ಕೃಷ್ಣ ಮೊದಲಾದವರು ವರ್ಷ ವರ್ಷದ ಪುರಾತತ್ತ್ವ ವರದಿಗಳಲ್ಲಿ ಹೊಸ ಶಾಸನಗಳನ್ನು ಸೇರಿಸಿದರು. 1970ರ ದಶಕದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಎಲ್ಲವನ್ನೂ ಮತ್ತೆ ಕೈಗೆತ್ತಿಕೊಂಡಿತು. ಒಂದು ತಲೆಮಾರು ತಪ್ಪಾಗಿ ಓದಿದ್ದನ್ನು ಇನ್ನೊಂದು ತಿದ್ದಿತು. ಹಳೆಯ ಸಂಖ್ಯೆಯನ್ನು ಮಾತ್ರ ಯಾರೂ ಅಳಿಸಲಿಲ್ಲ.

ಕಡತಗಳ ಪಟ್ಟಿಗೂ ಬೇಕಾದದ್ದು ಇದೇ ಕ್ರಮ. ಕೆಲಸ ಆರಂಭಿಸಲು ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಕಿಕ್ಕೇರಿಯಲ್ಲೋ ಮೇಲುಕೋಟೆಯಲ್ಲೋ ಬೆಳ್ಳೂರಿನಲ್ಲೋ ಯಾರದಾದರೂ ಮನೆಯಲ್ಲಿ ಹಳೆಯ ಕಡತಗಳ ಸಿ.ಡಿ. ಇದ್ದರೆ, ಯಾವ ತಂತ್ರಾಂಶ, ಯಾವ ಫಾಂಟು, ಯಾವ ವರ್ಷ ಎಂಬ ಮೂರು ಮಾತನ್ನು ನೆನಪಿರುವವರು ಬರೆದು ಅದರ ಜೊತೆಗೆ ಇಡಬಹುದು. ಸಾಧ್ಯವಾದರೆ ಅದೇ ಬರಹದ ಮುದ್ರಿತ ಪುಟವೊಂದನ್ನೂ ಇಡಬೇಕು. ಮುಂದೆ ಸಂಕೇತವನ್ನು ಬಿಡಿಸುವವನಿಗೆ ಅದಕ್ಕಿಂತ ದೊಡ್ಡ ನೆರವು ಇಲ್ಲ. ಅಂಗಡಿಯಲ್ಲಿ ಕುಳಿತು ಅಂದು ಬೆರಳಚ್ಚು ಮಾಡಿದವರು ಇನ್ನೂ ಇದ್ದಾರೆ, ಅವರಿಗೆ ಇನ್ನೂ ನೆನಪಿದೆ. ಕ್ಯಾತನಹಳ್ಳಿಯ ಕಲ್ಲಿನ ಮೇಲೆ ಅಕ್ಷರ ಕೊರೆದವನನ್ನು ಕೇಳಲು ರೈಸ್ ಅವರಿಗೆ ಸಾಧ್ಯವಿರಲಿಲ್ಲ.